ಯಾ ಕಳ್ಳಿ ಅಂದ ಕೆಂಚವ್ವ

ಕೆಂಚವ್ವನಿಗೆ ಒಂದು ಮಾತು ಹೇಳಿ ಪಾರಾಗುವುದು ಸುಲಭವಿರಲಿಲ್ಲ. ಹೇಳಿದ ಮಾತನ್ನು ಅವಳು ಮೊರಕ್ಕೆ ಹಾಕಿದ ಜೋಳದಂತೆ ಒಮ್ಮೆ ಕೇರಿ, ಹೊಟ್ಟು ಹಾರಿಸಿ, ಕಲ್ಲು ಆರಿಸಿ, ಆಮೇಲೆ ತಲೆಯೆತ್ತಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ‘ಯಾವ್ದು?’ ‘ನಾಳಿ ಮುಂಜಾನಿ ಬರ್ತೇನಿ ಕೆಂಚವ್ವಾ’ ಎಂದು ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸಿ, ‘ಯಾ ಮುಂಜಾನಿ? ಕೋಳಿ ಕೂಗೂ ಮುಂಜಾನಿಯೋ, ರೊಟ್ಟಿ ತಿಂದ ಮ್ಯಾಲಿನ ಮುಂಜಾನಿಯೋ?’ ಎನ್ನುವಳು. ‘ನಮ್ಮ ಅತ್ತಿಗಿ ಬೈದ್ಳು’ ಎಂದು ಅಳುತ್ತ ಬಂದ ಹುಡುಗಿಗೆ, ಕಣ್ಣೀರು ಒರೆಸುವುದಕ್ಕೂ ಮೊದಲು, ‘ಯಾ ಅತ್ತಿಗಿ? ಹಿರ್ಯಾಕಿಯೋ, ನಡುವಿನಾಕಿಯೋ?’ ಎಂದು ಕೇಳುವಳು. ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಜಗಳದ ಹಂಬಲವೂ ಇರಲಿಲ್ಲ. ಒಂದು ಪದಕ್ಕೆ ಎರಡು ಅರ್ಥವಿದ್ದು, ಹೇಳಿದವರ ಮನಸ್ಸಿನಲ್ಲಿ ಒಂದು, ಕೇಳಿದವರ ಮನಸ್ಸಿನಲ್ಲಿ ಇನ್ನೊಂದು ಉಳಿದುಹೋದರೆ, ಗಡಿಗೆಯ ತಳದಲ್ಲಿ ತೂತು ಬಿದ್ದಷ್ಟೇ ಅವಳಿಗೆ ಕಳವಳ.

ಮೂಡಲಗಿಯಲ್ಲಿ ಮೈಸೂರು ಸೀಮೆಯಿಂದ ಬಂದ ಔಷಧದ ಪಂಡಿತರೊಬ್ಬರು ನೆಲೆಸಿದ್ದರು. ಮೊಣಕಾಲ ನೋವಿಗೆ ಎಣ್ಣೆ ಕೇಳಲು ಹೋದ ಕೆಂಚವ್ವನನ್ನು ಕಂಡು ಅವರು ಕಟ್ಟೆಯ ಮೇಲಿಂದಲೇ ‘ಬನ್ನಿ, ಬನ್ನಿ’ ಎಂದರು. ನಮ್ಮ ಕಡೆ ಕರೆಯುವವರು ‘ಬರ್ರಿ’ ಅನ್ನುತ್ತಾರೆ. ಬನ್ನಿ ಎಂದರೆ ದಸರೆಯಲ್ಲಿ ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ಎಲೆ. ಕೆಂಚವ್ವ ಅಂಗಳದಲ್ಲೇ ನಿಂತು ಬೆರಳು ಮಡಚಿ ಎಣಿಸಿ, ‘ಬನ್ನಿಗೆ ಇನ್ನ ಎರಡ ತಿಂಗಳ ಹನ್ನೊಂದ ದಿನ ಐತಲ್ರಿ ಪಂಡಿತರ, ಈಗ ಮೊಣಕಾಲಿಗೆ ಏನರ ಕೊಡ್ರಿ’ ಅಂದಳಂತೆ. ಪಂಡಿತರು ಆ ದಿನ ನಕ್ಕ ನಗುವಿಗೆ ಕೂಡಿಸಿ ಎಣ್ಣೆಯನ್ನು ಎರಡು ಪಾಲು ಕೊಟ್ಟರೆಂದು ಹೇಳುತ್ತಾರೆ. ಎಣಿಕೆ ಮಾತ್ರ ತಪ್ಪಿರಲಿಲ್ಲ. ಬನ್ನಿ ಮುಡಿಯುವ ಹಬ್ಬ ಸರಿಯಾಗಿ ಆ ದಿನಕ್ಕೇ ಬಂತು.

ನಾನು ಆ ಕೇರಿಗೆ ಸೊಸೆಯಾಗಿ ಬಂದಾಗ ಅವಳಿಗೆ ನಲವತ್ತು ದಾಟಿತ್ತು. ಹೆಸರಿಗೆ ಕೆಂಚಿಯಾದರೂ ಮೈಬಣ್ಣ ಎರೆಭೂಮಿಯದು. ಗಿಡ್ಡ ದೇಹ, ಬಲಗಡೆಗೆ ತುಸು ವಾಲಿದ ನಡಿಗೆ, ಎಡಗೈ ಯಾವಾಗಲೂ ಏನನ್ನೋ ಅಳೆಯುವಂತೆ ಬೆರಳು ಚಾಚಿಕೊಂಡೇ ಇರುತ್ತಿತ್ತು. ನಡೆಯುವಾಗ ಹೆಜ್ಜೆ ಎಣಿಸುವುದು ಅವಳ ಅಭ್ಯಾಸ. ಕಣದಲ್ಲಿ ಕಾಳು ಅಳೆಯುವ ಒಕ್ಕಲಿಗರು ಒಂದು ಎನ್ನದೆ ‘ಲಾಭ’ ಎಂದು ಆರಂಭಿಸುತ್ತಾರಲ್ಲ, ಹಾಗೆಯೇ ಅವಳೂ ‘ಲಾಭ, ಎರಡ, ಮೂರ’ ಎಂದು ತುಟಿಯೊಳಗೆ ಎಣಿಸುತ್ತ ಬಾವಿಗೆ ಹೋಗಿ ಬರುವಳು. ಅವಳ ಹೊಸ್ತಿಲಿನಿಂದ ಬಾವಿಗೆ ಇನ್ನೂರ ಹದಿನಾಲ್ಕು ಹೆಜ್ಜೆ. ಬಸವಣ್ಣನ ಗುಡಿಗೆ ಅರವತ್ತೇಳು. ಚಳಿಯಿರಲಿ ಬಿಸಿಲಿರಲಿ, ಇಲಕಲ್ಲ ಸೀರೆಯ ಮೇಲೆ ತೀರಿಹೋದ ಗಂಡನ ಕರಿಯ ಕೋಟು. ತೋಳು ಉದ್ದವಾಗಿ ಬೆರಳ ತುದಿ ಮುಟ್ಟುತ್ತಿತ್ತು. ಕತ್ತರಿಸಿ ಹೊಲಿಸಿಕೊಳ್ಳೆಂದವರಿಗೆ ‘ಅಳತಿ ಅವರದ, ಮೈ ನಂದು, ಎರಡೂ ಹಂಗ ಇರ್ಲಿ’ ಎನ್ನುವಳು. ಆ ಕೋಟಿನ ಒಳಕಿಸೆಯಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಕಾಗದವಿತ್ತು. ಅವಳ ಬಾಳೆಲ್ಲ ಒಮ್ಮೆ ತೂಗಿದ್ದು ಆ ಕಾಗದದೊಳಗಿನ ಒಂದೇ ಒಂದು ಪದದ ಮೇಲೆ. ಆ ಕಥೆಯನ್ನು ಹೇಳದೆ ಕೆಂಚವ್ವನ ಚಿತ್ರ ಮುಗಿಯುವುದಿಲ್ಲ.

ಕಲ್ಲೋಳಿಯಿಂದ ಹರದಾರಿ ದೂರದಲ್ಲಿ, ಮಡ್ಡಿಯ ಏರಿನ ಮೇಲೆ ಹನ್ನೊಂದು ಮನೆಗಳ ಆ ನಮ್ಮ ಕೇರಿಯನ್ನು ಈಗ ಎಲ್ಲರೂ ಕಳ್ಳಿ ಎನ್ನುತ್ತಾರೆ. ‘ಎಲ್ಲಿಗೆ ಹೊಂಟೀರಿ?’ ‘ಕಳ್ಳಿಗೆ.’ ಸರಕಾರದ ದಫ್ತರದಲ್ಲಿ ಇಂಥ ಕೇರಿಗಳಿಗೆ ಬೇರೆ ಹೆಸರಿರುವುದಿಲ್ಲ, ಎಲ್ಲವೂ ದೊಡ್ಡ ಊರಿನ ಹೊಟ್ಟೆಯಲ್ಲೇ. ಆದರೆ ಹುಕ್ಕೇರಿ ಕಡೆಯ ತವರಿನಿಂದ ಕೆಂಚವ್ವ ಹದಿಮೂರರ ವಯಸ್ಸಿಗೆ ಬಂಡಿಯೇರಿ ಬಂದಾಗ ಅದು ಕಳ್ಳಿಯಾಗಿರಲಿಲ್ಲ; ಬಸರಿಮಡ್ಡಿಯಾಗಿತ್ತು. ಏರಿನ ನೆತ್ತಿಯ ಮೇಲೆ ಒಂದು ಹಳೆಯ ಬಸರಿಮರ, ಅದರ ನೆರಳಲ್ಲಿ ಮನೆಗಳು. ಬಂದ ಸೊಸೆಯರನ್ನು ಕಲ್ಲೋಳಿಯ ಹೆಂಗಸರು ‘ಯಾ ಊರವ್ವಾ ಕೊಟ್ಟದ್ದು? ಬಸರಿಮಡ್ಡಿಯೋ? ಹಂಗಾರ ಹೋಗೂದ್ರಾಗ ಬಸರಿ ಆದ್ಯಲ್ಲ’ ಎಂದು ಸಂತೆಯಲ್ಲೇ ನಗಾಡುತ್ತಿದ್ದರು.

ಕೆಂಚವ್ವನ ಮಾವ ಮಾಯಪ್ಪ ದೂರದೃಷ್ಟಿಯ ಮುದುಕ. ಇಬ್ಬರು ಮಕ್ಕಳು: ಹಿರಿಯ ರಾಯಪ್ಪ, ಕಿರಿಯ ಸೋಮಪ್ಪ. ಸೋಮಪ್ಪನೇ ಕೆಂಚವ್ವನ ಗಂಡ. ತಾನು ಕಣ್ಣುಮುಚ್ಚಿದ ಮೇಲೆ ಮಕ್ಕಳು ಬಡಿದಾಡಬಾರದೆಂದು ಮುದುಕ ಶಕೆ ಸಾವಿರದ ಎಂಟುನೂರ ಮೂವತ್ತೊಂದರಲ್ಲಿ, ಎಂದರೆ ಹತ್ತೊಂಬತ್ತುನೂರ ಒಂಬತ್ತರಲ್ಲಿ, ವಾಟಣಿ ಪತ್ರ ಬರೆಸಿದ, ಹಿಸ್ಸೆಯ ಕಾಗದ. ಕೇರಿಯ ಪಡುವಲಿಗಿದ್ದ ಎರೆಹೊಲದ ನಡುವೆ, ಬಡಗಲಿಂದ ತೆಂಕಲಿಗೆ ಗೆರೆ ಎಳೆದು, ತನ್ನ ಕೈಯಾರೆ ಕೋಲುಗಳ್ಳಿಯ ತುಂಡುಗಳನ್ನು ನೆಟ್ಟ. ಕಾಗದದಲ್ಲಿ ಬರೆಸಿದ್ದು ಇಷ್ಟೇ: ‘ಕಳ್ಳಿಯ ಮೂಡಲಿಗೆ ಸೋಮಪ್ಪನದು, ಪಡುವಲಿಗೆ ರಾಯಪ್ಪನದು.’ ಬಾವಿ ಮೂಡಲ ಪಾಲಿಗೆ ಬಂತು. ಅದಕ್ಕೆ ಬದಲಾಗಿ ಪಡುವಲ ಪಾಲನ್ನು ನಾಲ್ಕು ಮಾರು ಹೆಚ್ಚು ಅಗಲ ಬಿಟ್ಟ. ಕೇರಿಯಿಂದಾಚೆ, ಮೂಡಲಿಗಿದ್ದ ಗುಂಡುಗಲ್ಲಿನ ಬರಡು ಮಡ್ಡಿಯ ಮಾತು ಯಾರೂ ಎತ್ತಲಿಲ್ಲ. ಅಲ್ಲಿ ಕುರಿಗಳಿಗೂ ಹೊಟ್ಟೆ ತುಂಬುತ್ತಿರಲಿಲ್ಲ.

ಕಾಗದ ಬರೆಸಿದ ದಿನ ಮುದುಕ ಇಬ್ಬರು ಸೊಸೆಯರನ್ನೂ ಕರೆದು, ಆ ಒಂದು ಪದದ ಮೇಲೆ ಬೆರಳಿಟ್ಟು, ‘ಇದು ಕಳ್ಳಿ. ಗಂಡಸೂರು ಮರೀತಾರ, ನೀವು ನೆನಪಿಡ್ರಿ’ ಎಂದ. ಹಿರಿಯ ಸೊಸೆ ಸುಂದ್ರವ್ವ ತಲೆಯಾಡಿಸಿ ಒಳಗೆ ಹೋದಳು. ಕೆಂಚವ್ವ ಹೋಗಲಿಲ್ಲ. ಒಲೆಯ ಮುಂದೆ ಬೂದಿ ಹರಡಿ, ಕಡ್ಡಿಯಿಂದ ಆ ಆಕಾರವನ್ನು ತೀಡಿದಳು. ಮೊದಲಿನದು ಸುಲಭ. ಎರಡನೆಯದು ತಾಯಿಯ ಕಾಲಬುಡದಲ್ಲಿ ಕೂಸು ಕುಳಿತಂತಿತ್ತು. ತಾಯಿ ಹೇಗಿದ್ದಳೋ ಕೂಸೂ ಹಾಗೆಯೇ, ಸುರುಳಿ ಸುತ್ತಿಕೊಂಡು. ಎಂಟು ದಿನ ತೀಡಿ ತೀಡಿ ಅವಳು ಆ ಪದವನ್ನು ಬರೆಯಬಲ್ಲವಳಾದಳು, ಎಲ್ಲಿ ಕಂಡರೂ ಗುರುತಿಸಬಲ್ಲವಳಾದಳು. ಬಾಳಿನಲ್ಲಿ ಅವಳಿಗೆ ಓದಲು ಬಂದದ್ದು ಅದೊಂದೇ ಪದ.

ಅಣ್ಣತಮ್ಮಂದಿರು ಒಂದೇ ಜೋಡಿ ಎತ್ತು ಹೂಡಿ ಎರಡೂ ಪಾಲು ಉಳುತ್ತಿದ್ದರು, ಒಂದೇ ಕಣದಲ್ಲಿ ರಾಶಿ ಮಾಡುತ್ತಿದ್ದರು. ಪತ್ರ ಪೆಟ್ಟಿಗೆಯಲ್ಲಿ ಮಲಗಿತ್ತು. ಹತ್ತು ವರ್ಷ ಕಳೆಯುವುದರೊಳಗೆ ಕಳ್ಳಿ ಎರಡಾಳೆತ್ತರ ಬೆಳೆದು ಹಸಿರು ಗೋಡೆಯಾಯಿತು. ಮಾನಮೋಡಿ ಜ್ವರದ ಬೇನೆ ಬಂದ ವರ್ಷ ಮುದುಕನ ಜೊತೆಗೆ ಕೇರಿಯ ಹಿರಿಯರೆಲ್ಲ ಒಂದೇ ಹದಿನೈದು ದಿನದಲ್ಲಿ ಹೋದರು. ಅದೇ ವರ್ಷದ ಗಾಳಿಗೆ ಬಸರಿಮರವೂ ಬುಡಮೇಲಾಯಿತು. ಮರವಿಲ್ಲದ ಮೇಲೆ ದಾರಿಹೋಕರಿಗೆ ಗುರುತೆಂದರೆ ದೂರದಿಂದ ಕಾಣುವ ಆ ಕಳ್ಳಿಯ ಗೋಡೆ. ‘ಕಳ್ಳಿ ಹಂತ್ಯಾಕ ಹೋಗಿ ಎಡಕ್ಕ ಹೊಳ್ರಿ’ ಎಂದದ್ದು ‘ಕಳ್ಳಿಗೆ ಹೋಗ್ರಿ’ ಎಂದಾಯಿತು. ಹೊಲದಲ್ಲಿ ನಿಂತ ಗಿಡದ ಹೆಸರು ಯಾರೂ ಹೊರದೆ, ಯಾರೂ ಹೇಳದೆ, ಮೆಲ್ಲನೆ ನಡೆದು ಬಂದು ಕೇರಿಯಲ್ಲಿ ಕುಳಿತಿತು. ಬಸರಿಯ ನಗೆಚಾಟಿಕೆ ಸತ್ತು ಹೊಸದೊಂದು ಹುಟ್ಟಿತು. ಕಳ್ಳಿ ಎಂದರೆ ಕದಿಯುವವಳೂ ಹೌದಲ್ಲ! ಸಂತೆಗೆ ಹೋದ ನಮ್ಮ ಹೆಂಗಸರಿಗೆ ‘ಕಳ್ಳ್ಯಾರು ಬಂದ್ರು, ಗಂಟು ಹಿಡ್ಕೋರಿ’ ಎನ್ನುವ ಸ್ವಾಗತ. ಉಳಿದವರು ಮುಖ ಸೊಟ್ಟ ಮಾಡಿದರೆ ಕೆಂಚವ್ವ ಮಾತ್ರ ನಿಂತು, ‘ಯಾ ಕಳ್ಳಿ? ಮುಳ್ಳಿಂದೋ, ಹಾಲಿಂದೋ?’ ಎಂದು ಕೇಳಿ ನಕ್ಕವರನ್ನೇ ನಗೆಗೀಡು ಮಾಡುವಳು.

ಹತ್ತೊಂಬತ್ತುನೂರ ಮೂವತ್ತರಲ್ಲಿ ಸೋಮಪ್ಪ ತೀರಿಕೊಂಡ. ಮಕ್ಕಳಿರಲಿಲ್ಲ. ವರ್ಷ ತುಂಬುವುದರೊಳಗೆ ಒಂದು ದಿನ ಕೆಂಚವ್ವ ತವರಿನ ಮದುವೆಗೆ ಹೋಗಿ ನಾಲ್ಕು ದಿನದ ಮೇಲೆ ಬಂದು ನೋಡುತ್ತಾಳೆ, ಕಳ್ಳಿಯ ಗೋಡೆಯೇ ಇಲ್ಲ. ರಾಯಪ್ಪ ಆಳು ಹಚ್ಚಿ ಬುಡಮಟ್ಟ ಕಡಿಸಿ, ಮೇಲೆ ಕುಂಟೆ ಹೊಡೆಸಿ, ಇಡೀ ಹೊಲವನ್ನು ಒಂದೇ ಹಾಳೆಯಂತೆ ಮಾಡಿಬಿಟ್ಟಿದ್ದ.

‘ಬಾವಾರ, ಕಳ್ಳಿ ಎಲ್ಲಿ?’ ಎಂದು ಕೇಳಿದಳು.

‘ಹಾವು ಹೊಕ್ಕಿದ್ದುವು, ತಗಿಸಿದ್ನಿ. ಆದರ ಕಳ್ಳಿ ಎಲ್ಲಿ ಅಂತ ಕೇಳಬ್ಯಾಡ. ಕಳ್ಳಿ ಇಲ್ಲೇ ಐತಲ್ಲ, ನಾವು ನಿಂತದ್ದ ಕಳ್ಳಿ,’ ಎಂದು ರಾಯಪ್ಪ ಕಾಲಿನಿಂದ ಕೇರಿಯ ನೆಲ ತಟ್ಟಿದ. ‘ಕಳ್ಳಿಯ ಪಡುವಲಿಗೆ ನಂದು, ಮೂಡಲಿಗೆ ನಿಂದು. ಅಪ್ಪನ ಕಾಗದ ಹಂಗ ಹೇಳತೈತಿ. ನಿನ್ನ ಪಾಲು ಅದಾ ಅಲ್ಲೆ.’ ಅವನ ಬೆರಳು ಕೇರಿಯಾಚೆಯ ಗುಂಡುಗಲ್ಲಿನ ಮಡ್ಡಿಯನ್ನು ತೋರಿಸುತ್ತಿತ್ತು.

ಕೆಂಚವ್ವನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಗಿಡ ಇರುವವರೆಗೆ ಆ ಪದಕ್ಕೆ ಎರಡು ಅರ್ಥವಿದ್ದವು. ಗಿಡ ಹೋದ ಮೇಲೆ ಉಳಿದದ್ದು ಊರು ಒಂದೇ. ಅವಳ ಹೊಲ, ಅವಳ ಬಾವಿ, ಗಂಡನೊಡನೆ ಇಪ್ಪತ್ತು ವರ್ಷ ಬಿತ್ತಿ ಬೆಳೆದ ನೆಲ, ಮುದುಕ ನಂಬಿಕೆಯಿಂದ ಬರೆಸಿದ ಒಂದು ಪದದ ಸಂದಿಯಲ್ಲಿ ಜಾರಿಹೋಗುತ್ತಿತ್ತು. ಮಾನಮೋಡಿಯಲ್ಲಿ ಹಿರಿಯರು ಹೋಗಿದ್ದರು. ಇಪ್ಪತ್ತರ ಒಳಗಿನವರಿಗೆ ಕೇರಿ ಎಂದಿನಿಂದಲೂ ಕಳ್ಳಿಯೇ; ಅವರಿಗಿಂತ ದೊಡ್ಡವರ ನಾಲಗೆಯಿಂದಲೂ ಹಳೆಯ ಹೆಸರು ಜಾರಿಹೋಗಿತ್ತು. ಬಲ್ಲವರು ಒಬ್ಬಿಬ್ಬರು ರಾಯಪ್ಪನ ಎತ್ತು, ರಾಯಪ್ಪನ ಬಂಡಿಯ ಹಂಗಿನವರು. ‘ನಮಗೇನ ನೆನಪಿಲ್ಲವ್ವಾ’ ಎಂದು ಆಕಾಶ ನೋಡಿದರು.

ಅವಳು ಕೂಗಾಡಲಿಲ್ಲ, ಮಣ್ಣು ತೂರಲಿಲ್ಲ. ಕಲ್ಲೋಳಿಯ ವರ್ಧಮಾನನ ಅಂಗಡಿಗೆ ನಡೆದುಹೋದಳು. ಜೈನರ ವರ್ಧಮಾನ ಕಾಕಾ ಕಾಳಿನ ವ್ಯಾಪಾರಿ. ಕನ್ನಡ ಮರಾಠಿ ಎರಡನ್ನೂ ಒಂದೇ ನಾಲಗೆಯಲ್ಲಿ ಆಡುವವರು, ಸುತ್ತಲ ಹಳ್ಳಿಗಳ ಕಾಗದಪತ್ರ ಓದಿ ಹೇಳುವವರು, ಯಾರ ಪಕ್ಷವನ್ನೂ ಹಿಡಿಯದವರು. ಕೆಂಚವ್ವ ತಕರಾರು ಅರ್ಜಿ ಬರೆಸಿದಳು. ತಾಲೂಕು ಕಚೇರಿಯಿಂದ ಬುಲಾವು ಬಂದರೆ ಹೋಗಲಿಲ್ಲ. ‘ಹೊಲ ನಡದು ಕಚೇರಿಗೆ ಬರಂಗಿಲ್ಲ, ಕಚೇರಿನ ಹೊಲಕ್ಕ ಬರಬೇಕು ಅಂತ ಬರೀರಿ ಕಾಕಾ.’ ಮೂರು ಸಲ ಬುಲಾವು, ಮೂರು ಸಲವೂ ಅದೇ ಉತ್ತರ. ‘ಎಂಥ ಹಟಮಾರಿ ಹೆಂಗಸವ್ವಾ ನೀನು’ ಎಂದು ಕಾಕಾ ಸುಸ್ತಾದರೂ ಬರೆದುಕೊಟ್ಟರು. ಸ್ಥಳದಲ್ಲೇ ಚೌಕಶಿ ಆಗಬೇಕೆಂಬ ಅವಳ ಹಟಕ್ಕೆ ಕಾರಣವಿತ್ತು. ಅದನ್ನು ಅವಳು ಕಾಕಾಗೂ ಹೇಳಿರಲಿಲ್ಲ.

ಕಾರಣ ಒಂದು ತಂಬಿಗೆ. ಸುಂದ್ರವ್ವನ ಮೊದಲ ಬಸುರಿನ ಕುಬಸಕ್ಕೆ ಅಂಕಲಗಿಯ ಅವಳ ತವರಿನವರು ತಂದಿತ್ತ ದೊಡ್ಡ ತಾಮ್ರದ ತಂಬಿಗೆ. ಕಂಠದ ಸುತ್ತ ಹೆಸರು, ಊರು, ವರ್ಷ ಕೊರೆಸಿದ್ದರು. ಎರಡೂ ಸಂಸಾರ ಕೂಡಿದ್ದ ಕಾಲದಲ್ಲಿ ಅದನ್ನು ಹುಣಸೆ ಹಚ್ಚಿ ತಿಕ್ಕುತ್ತಿದ್ದವಳು ಕೆಂಚವ್ವ. ತಿಕ್ಕುವಾಗೆಲ್ಲ ತನಗೆ ಗೊತ್ತಿದ್ದ ಒಂದೇ ಪದವನ್ನು ಅದರಲ್ಲಿ ಹುಡುಕುವಳು; ಎಂದೂ ಸಿಕ್ಕಿರಲಿಲ್ಲ. ಸಾಲಿನಲ್ಲಿ ತಾಯಿ ಕೂಸಿನ ಅಕ್ಷರಗಳೇನೋ ಇದ್ದವು, ಆದರೆ ಆ ತಾಯಂದಿರು ಬೇರೆ, ಆ ಕೂಸುಗಳು ಬೇರೆ. ಊರಿನ ಹೆಸರಿರಬೇಕಾದ ಜಾಗದಲ್ಲಿ ಕಳ್ಳಿಯಿಲ್ಲ. ಇದ್ದದ್ದು ಏನು? ಬಸರಿಮಡ್ಡಿಯೇ ಇರಬೇಕೆಂದು ಮನಸ್ಸು ಹೇಳುತ್ತಿತ್ತು. ಅವಳಿಗೆ ಓದಲು ಬಾರದು. ಒಬ್ಬರ ಕಡೆಯಿಂದ ಓದಿಸೋಣವೆಂದರೆ ಮಾತು ರಾಯಪ್ಪನ ಕಿವಿಗೆ ಬೀಳುತ್ತದೆ, ತಂಬಿಗೆ ಕಂಚಗಾರನ ಕುಲುಮೆ ಸೇರುತ್ತದೆ. ಹೀಗಾಗಿ ತನ್ನ ಕಣ್ಣನ್ನೇ ನಂಬಿ ಕಾದಳು. ಆ ತಂಬಿಗೆ ಹೊರಬರುವುದು ಯುಗಾದಿಗೆ, ಇಲ್ಲವೇ ಮನೆಗೆ ಯಾರಾದರೂ ಸಾಹೇಬರು ಬಂದಾಗ. ಯುಗಾದಿಗೆ ಸಾಹೇಬರು ಇರುವುದಿಲ್ಲ. ಆದ್ದರಿಂದ ಸಾಹೇಬರೇ ಬರಬೇಕಿತ್ತು.

ಹದಿನಾಲ್ಕು ತಿಂಗಳ ಮೇಲೆ, ಜೋಳದ ತೆನೆ ಹಾಲು ಕಟ್ಟುವ ಹೊತ್ತಿಗೆ, ಕಚೇರಿಯ ಸಾಹೇಬರು ಕುದುರೆಯ ಮೇಲೆ ಬಂದರು. ಸಾತಾರೆಯ ಕಡೆಯವರು, ಕನ್ನಡ ಅರ್ಧ ತಿಳಿಯುವುದು, ಆಡಲು ಬಾರದು. ದುಭಾಷಿಯಾಗಿ ವರ್ಧಮಾನ ಕಾಕಾ. ಬೇವಿನ ನೆರಳಲ್ಲಿ ಕುರ್ಚಿ ಹಾಕಿದರು, ಕಲ್ಲೋಳಿಯ ಅರ್ಧ ಊರೇ ಬಂದು ಕುಕ್ಕರಗಾಲಲ್ಲಿ ಕುಳಿತಿತು. ನಾನು ಹೆಂಗಸರ ಗುಂಪಿನಲ್ಲಿ ಹಿಂದೆ ನಿಂತಿದ್ದೆ. ಕೆಂಚವ್ವ ಕೋಟಿನ ತೋಳನ್ನು ಎರಡು ಸುತ್ತು ಮಡಚಿಕೊಂಡು ಮುಂದೆ ನಿಂತಿದ್ದಳು.

ಸಾಹೇಬರು ರಾಯಪ್ಪ ಕೊಟ್ಟ ಮರಾಠಿ ಅರ್ಜಿಯನ್ನು ಓದತೊಡಗಿದರು. ಓದುತ್ತ ಓದುತ್ತ ಹುಬ್ಬು ಗಂಟಾಯಿತು. ‘ಹೀ ಚೋರಟೀ ಕೋಣ?’ ಎಂದರು.

ಕಾಕಾ ಕಾಗದ ಇಸಿದುಕೊಂಡು ನೋಡಿ, ನಗು ತಡೆಯಲಾರದೆ ಶಲ್ಯ ಬಾಯಿಗೆ ಒತ್ತಿಕೊಂಡರು. ಅರ್ಜಿ ಬರೆದ ಪುಣ್ಯಾತ್ಮ ಕಳ್ಳಿ ಎಂಬ ಪದವನ್ನು ಹಾಗೆಯೇ ಬಿಡದೆ ಮರಾಠಿ ಮಾಡಿದ್ದ. ಗಿಡವೂ ಆಗಲಿಲ್ಲ, ಊರೂ ಆಗಲಿಲ್ಲ, ಕದಿಯುವ ಹೆಂಗಸಾದಳು. ‘ಚೋರಟಿಯ ಪಡುವಲಿಗೆ ಇರುವ ಜಮೀನು ನನ್ನದು’ ಎಂದು ರಾಯಪ್ಪನ ಹೆಬ್ಬೆಟ್ಟಿನಡಿ ಬರೆದಿತ್ತು.

‘ಈ ಕಳ್ಳಹೆಂಗಸು ಯಾರು ಅಂತ ಸಾಹೇಬ್ರು ಕೇಳಾಕತ್ತಾರ,’ ಎಂದರು ಕಾಕಾ.

ಗುಂಪು ಘೊಳ್ಳೆಂದಿತು. ರಾಯಪ್ಪನಿಗೂ ಹುರುಪು ಬಂತು. ‘ಮತ್ಯಾರ್ರೀ? ಅಲ್ಲೆ ನಿಂತಾಳ ನೋಡ್ರಿ, ಗಂಡನ ಕೋಟು ಹಾಕ್ಕೊಂಡು!’

ಕೆಂಚವ್ವ ಕದಲಲಿಲ್ಲ. ನಗು ತಾನಾಗಿ ಇಳಿಯುವವರೆಗೆ ಕಾದು, ಎಡಗೈಯ ಬೆರಳು ಮಡಚಿದಳು. ‘ಕಾಕಾ, ಸಾಹೇಬ್ರಿಗೆ ಹೇಳ್ರಿ. ಕಳ್ಳಿ ಅಂದ್ರ ಮೂರ ಐತಿ. ಒಂದು ಗಿಡ. ಒಂದು ಈ ಕೇರಿ. ಮೂರನೇದು ನಾನು ಅಂತ ಬಾವಾರು ಅನ್ನಾಕತ್ತಾರ, ಅದನ್ನೂ ಇಟ್ಕೊಳ್ಳೂನು. ನಮ್ಮ ಮಾವ ಕಾಗದ ಬರಸಿದ ವರ್ಷ ಇವು ಮೂರರಾಗ ಯಾ ಕಳ್ಳಿ ಇತ್ತು, ಅಷ್ಟ ನೋಡಿದ್ರ ಸಾಕು.’

ಕಾಕಾ ಹೇಳಿದರು. ಸಾಹೇಬರು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದರು.

‘ಕೇರಿ ಅವಾಗೂ ಇತ್ತು, ಹೆಸರೂ ಇತ್ತು,’ ಎಂದ ರಾಯಪ್ಪ. ‘ಅಜ್ಜ ಮುತ್ಯಾನ ಕಾಲದಿಂದ ಇದು ಕಳ್ಳಿನ. ಯಾರ್ನ ಬೇಕಾದ್ರ ಕೇಳ್ರಿ.’ ಸುತ್ತಲಿನವರು ಹೌದೆಂದು ತಲೆಯಾಡಿಸಿದರು. ಅವರಿಗೆ ನೆನಪಿದ್ದದ್ದೇ ಅಷ್ಟು.

ಕೆಂಚವ್ವ ಸುಂದ್ರವ್ವನ ಕಡೆ ತಿರುಗಿ, ಮನೆಯ ಮಾತೆಂಬಂತೆ, ‘ಅಕ್ಕಾ, ಬಿಸಲಾಗ ಬಂದಾರ ಸಾಹೇಬ್ರು. ಬೆಲ್ಲ ನೀರು ಕೊಡೂದಿಲ್ಲೇನು?’ ಎಂದಳು.

ಸುಂದ್ರವ್ವ ಆ ಹೊತ್ತಿಗಾಗಿಯೇ ಕಾದಿದ್ದವಳಂತೆ ಒಳಗೆ ಹೋಗಿ ಬಂದಳು. ಬೆಳಕಿಗೆ ಬೆಂಕಿಯಂತೆ ಹೊಳೆಯುವ ತಂಬಿಗೆ, ತಟ್ಟೆಯಲ್ಲಿ ಗೋಕಾಕದ ಬೆಲ್ಲದಚ್ಚು. ಸಾಹೇಬರು ಕ್ಷಣ ಹೊತ್ತು ಆ ತಂಬಿಗೆಯ ಅಂದ ನೋಡಿ, ಬೆಲ್ಲ ಮುರಿದು ಬಾಯಿಗಿಟ್ಟು, ನೀರು ಕುಡಿದು ಕೆಳಗಿಟ್ಟರು.

ಆ ಗಳಿಗೆಯಲ್ಲಿ ತನಗೂ ಅಳುಕು ಹುಟ್ಟಿತ್ತೆಂದು ಮುಂದೆ ಕೆಂಚವ್ವನೇ ನನಗೆ ಹೇಳಿದಳು. ಇನ್ನೊಂದು ಮಾತಿನಲ್ಲಿ ಹೊಲವಿತ್ತು, ಇಲ್ಲವೇ ಗುಂಡುಗಲ್ಲಿತ್ತು. ತನ್ನ ಕಣ್ಣು ತಪ್ಪಿ ನೋಡಿದ್ದರೆ? ಬೂದಿಯಲ್ಲಿ ಕಲಿತ ಅಕ್ಷರ ತಾಮ್ರದಲ್ಲಿ ಬೇರೆ ರೂಪ ತಾಳುವುದಿದ್ದರೆ?

‘ಕಾಕಾ,’ ಎಂದಳು, ‘ಆ ತಂಬಗಿ ಮ್ಯಾಲ ಏನ ಬರದೈತಿ, ಸಾಹೇಬ್ರಿಗೆ ಒಂದೀಟ ಓದಿ ಹೇಳ್ರಿ. ಎಲ್ಲಾರಿಗೂ ಕೇಳಬೇಕ.’

ಕಾಕಾ ತಂಬಿಗೆಯನ್ನು ಮೇಲೆತ್ತಿ, ಕನ್ನಡಕ ಏರಿಸಿಕೊಂಡು, ಸುತ್ತ ತಿರುಗಿಸುತ್ತ ಓದಿದರು: ‘ಚಿರಂಜೀವಿ ಸುಂದ್ರವ್ವ ಕೋಂ ರಾಯಪ್ಪ… ಸಾಕೀನ ಬಸರಿಮಡ್ಡಿ… ಶಕೆ ಹದಿನೆಂಟುನೂರ ಮೂವತ್ತೈದು.’

ಕಾಕಾ ಆ ಅಕ್ಷರಗಳನ್ನು ಸಾಹೇಬರತ್ತ ತಿರುಗಿಸಿ ಹಿಡಿದರು. ಹಿಂದಿನಿಂದ ಕಲ್ಲೋಳಿಯ ಹನಮವ್ವ ಎಂಬ ಮುದುಕಿಯ ಕಿರುಧ್ವನಿ: ‘ಹೌದಲ್ಲ! ಬಸರಿಮಡ್ಡಿ! ಬಸರಿಗೆ ಬಸರಿಮಡ್ಡಿ ತಂಬಗಿ ಬಂತು ಅಂತ ಅವತ್ತು ಎಷ್ಟ ನಕ್ಕಿದ್ವಿ!’

ಸಾಹೇಬರು ವಾಟಣಿ ಪತ್ರ ಕೇಳಿದರು. ಕೆಂಚವ್ವ ಒಳಕಿಸೆಯಿಂದ ತೆಗೆದುಕೊಟ್ಟಳು. ಅದರಲ್ಲಿ ಶಕೆ ಮೂವತ್ತೊಂದು, ತಂಬಿಗೆಯಲ್ಲಿ ಮೂವತ್ತೈದು. ಕಾಗದ ಬರೆದು ನಾಲ್ಕು ವರ್ಷವಾದ ಮೇಲೂ ಕೇರಿಯ ಹೆಸರು ಬಸರಿಮಡ್ಡಿಯೇ. ಹಾಗಾದರೆ ಕಾಗದದೊಳಗಿನ ಕಳ್ಳಿ ಕೇರಿಯಲ್ಲ.

ರಾಯಪ್ಪ ಮುಳುಗುವವನಂತೆ ಕೈಚಾಚಿದ. ‘ಅಂಕಲಗಿಯವರಿಗೆ ನಮ್ಮೂರ ಹೆಸರು ಏನ ಗೊತ್ರಿ? ತಪ್ಪ ಕೊರಸ್ಯಾರ!’

ಆ ಮಾತು ಅವನು ಆಡಬಾರದಿತ್ತು. ಅಲ್ಲಿಯತನಕ ಗಂಡನ ಪಕ್ಕದಲ್ಲಿ ಕಂಬದಂತೆ ನಿಂತಿದ್ದ ಸುಂದ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ಏನಂದಿ? ನಮ್ಮಪ್ಪ ತಪ್ಪ ಕೊರಸ್ಯಾನ? ಮಗಳನ್ನ ಯಾ ಊರಿಗೆ ಕೊಟ್ಟೇನಂತ ತಿಳೀದ ತಂಬಗಿ ಹೊಡಸಿದ್ನೇನು ನಮ್ಮಪ್ಪ? ಬಸರಿಮಡ್ಡಿಗೇ ಬಂದೇನಿ ನಾನು, ಬಸರಿಮರಕ್ಕ ಐದ ಸುತ್ತ ಹಾಕಿಸೇ ಒಳಗ ಕರಕೊಂಡ್ರಿ ನೀವು! ನಿನ್ನ ಹೊಲದ ಸಲುವಾಗಿ ನನ್ನ ತವರಿಗೆ ಮಸಿ ಬಳೀತಿ ಏನು?’ ಅವಳು ತಂಬಿಗೆಯನ್ನು ಕಾಕಾನ ಕೈಯಿಂದ ಕಿತ್ತುಕೊಂಡು ಎದೆಗವಚಿಕೊಂಡಳು. ರಾಯಪ್ಪ ಕುಳಿತುಬಿಟ್ಟ.

‘ಬರೋಬರ,’ ಎಂದರು ಸಾಹೇಬರು. ‘ಪಣ ಝಾಡ ಕುಠೆ?’

‘ಖರೆ, ಆದರ ಗಿಡ ಎಲ್ಲಿ ಐತಿ ಅಂತಾರ,’ ಎಂದರು ಕಾಕಾ.

‘ಬರ್ರಿ,’ ಎಂದಳು ಕೆಂಚವ್ವ.

ಅವಳು ಮುಂದೆ, ಸಾಹೇಬರು ಹಿಂದೆ, ಅವರ ಹಿಂದೆ ಇಡೀ ಊರು. ಬಾವಿಯ ಕಟ್ಟೆಗೆ ಬೆನ್ನು ಹಚ್ಚಿ ನಿಂತು, ಪಡುವಲಿಗೆ ಮುಖ ಮಾಡಿ, ಈ ಸಲ ಗಟ್ಟಿಯಾಗಿ ಎಣಿಸಿದಳು: ‘ಲಾಭ, ಎರಡ, ಮೂರ…’ ಮೂವತ್ತೆಂಟಕ್ಕೆ ನಿಂತಳು. ಜೋಳದ ದಂಟುಗಳ ನಡುವೆ ಕುಕ್ಕರಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕುಡುಗೋಲಿನ ತುದಿಯಿಂದ ಗೇಣುದ್ದ ಮಣ್ಣು ಸರಿಸಿ, ಒಳಗಿದ್ದ ಕಪ್ಪು ಬೊಡ್ಡೆಗೆ ಒಂದೇ ಏಟು ಹಾಕಿದಳು. ಎರಡು ವರ್ಷ ನೆಲದಡಿ ಹೂತುಹೋಗಿದ್ದ ಆ ಬೊಡ್ಡೆಯಿಂದ ಬೆಳ್ಳನೆಯ ಹಾಲು ಚಿಮ್ಮಿ ಎರೆಮಣ್ಣಿನ ಮೇಲೆ ಹರಿಯಿತು. ಸಾಹೇಬರು ಬಗ್ಗಿ ಬೆರಳು ಚಾಚಿದರು.

‘ಮುಟ್ಟಬ್ಯಾಡ್ರಿ ಸಾಹೇಬರ, ಕಣ್ಣಿಗೆ ಹತ್ತೀತು,’ ಎಂದು ಅವಳು ಕೋಟಿನ ತೋಳಿನಿಂದ ಅವರ ಕೈ ತಡೆದಳು. ಐದು ಹೆಜ್ಜೆ ತೆಂಕಲಿಗೆ ಸರಿದು ಮತ್ತೊಂದು ಏಟು, ಮತ್ತೆ ಹಾಲು. ಇನ್ನೈದು ಹೆಜ್ಜೆಗೆ ಮತ್ತೊಂದು. ಮಾಯಪ್ಪ ಎಳೆದ ಗೆರೆ ಇಪ್ಪತ್ತನಾಲ್ಕು ವರ್ಷದ ಮೇಲೆ ಬಿಳಿಯ ಚುಕ್ಕಿ ಚುಕ್ಕಿಯಾಗಿ ಮಣ್ಣಿನಿಂದ ಮೇಲೆದ್ದು ನಿಂತಿತು. ನೆರೆದವರಲ್ಲಿ ಯಾರೋ ಸಿಳ್ಳೆ ಹೊಡೆದರು. ಹೆಂಗಸರು, ನಾನೂ ಸೇರಿ, ನಾಚಿಕೆ ಬಿಟ್ಟು ಕೈಚಪ್ಪಾಳೆ ತಟ್ಟಿದೆವು.

ಸಾಹೇಬರು ಅಲ್ಲೇ ಬಾವಿಯ ಕಟ್ಟೆಯ ಮೇಲೆ ಕುಳಿತು ಬರೆದರು. ಬರೆದದ್ದನ್ನು ಕಾಕಾ ಓದುವಾಗ ಕೆಂಚವ್ವ ಎರಡು ಸಲ ತಡೆದಳು. ‘ಕಳ್ಳಿ ಅಂತ ಅಷ್ಟ ಬರದ್ರ ಆಗೂದಿಲ್ಲ. ಕಳ್ಳಿ ಗಿಡದ ಸಾಲು ಅನ್ನಿಸ್ರಿ. ಬಾವಿಯಿಂದ ಮೂವತ್ತೆಂಟು ಹೆಜ್ಜಿ ಪಡುವಲಿಗೆ ಅನ್ನಿಸ್ರಿ. ಯಾರ ಹೆಜ್ಜಿ ಅಂತ ನಾಳಿ ಕೇಳ್ತಾರ, ಮೊಳದಾಗ ಅಳದು ಅದನ್ನೂ ಹಾಕಿಸ್ರಿ.’ ಸಾಹೇಬರು ಹಗ್ಗ ತರಿಸಿ ಅಳೆಸಿದರು. ಹೆಬ್ಬೆಟ್ಟಿಗೆಂದು ಮಸಿಯ ಪಟ್ಟಿ ಚಾಚಿದಾಗ ಕೆಂಚವ್ವ ಅದನ್ನು ಬದಿಗೆ ಸರಿಸಿ ಲೇಖಣಿ ಕೇಳಿದಳು. ನಾಲಗೆಯ ತುದಿ ಕಚ್ಚಿಕೊಂಡು, ಮೆಲ್ಲನೆ, ಬೂದಿಯಲ್ಲಿ ತೀಡಿದ್ದ ಆಕಾರವನ್ನೇ ಕಾಗದದ ಮೇಲೆ ಇಳಿಸಿದಳು: ಕಳ್ಳಿ.

‘ಅಯ್ಯ ಹುಚ್ಚವ್ವಾ, ಕಳ್ಳಿ ಅಂತ ಸಹಿ ಮಾಡಿದ್ಯಲ್ಲ!’ ಎಂದರು ಕಾಕಾ.

‘ನನಗ ಬರೂದು ಅದೊಂದ ಕಾಕಾ. ಯಾ ಕಳ್ಳಿ ಅಂತ ಕೇಳಾವ್ರು ಬರ್ಲಿ, ಹೇಳಾಕ ನಾ ಅದೇನಿ.’

ಅಷ್ಟೊತ್ತಿಗೆ ವಿಷಯ ತಿಳಿದ ಸಾಹೇಬರು ಬಿದ್ದು ಬಿದ್ದು ನಕ್ಕರು. ಆದರೆ ಆ ಸಹಿಯನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲಿ ‘ಕೆಂಚವ್ವ ಕೋಂ ಸೋಮಪ್ಪ ಇವಳ ಸ್ವಹಸ್ತ’ ಎಂದು ಕಾಕಾನಿಂದ ಬರೆಸಿದರು.

ಮುಂದಿನ ಮಳೆಗಾಲದಲ್ಲಿ ಸಾಲು ಮತ್ತೆ ಚಿಗುರಿತು. ರಾಯಪ್ಪ ಬಹಳ ದಿನ ಮಾತು ಬಿಟ್ಟಿದ್ದ. ಒಂದು ದಿನ ಎತ್ತು ಕುಂಟಿದಾಗ ಔಷಧ ಕೇಳಲು ಬಂದವನಿಗೆ ಕೆಂಚವ್ವ ಏನೂ ಆಗಿಲ್ಲವೆಂಬಂತೆ, ‘ಯಾ ಕಾಲು ಬಾವಾರ? ಮುಂದಿಂದೋ, ಹಿಂದಿಂದೋ?’ ಎಂದು ಕೇಳಿ, ಕೂರಿಸಿ, ಚಹಾ ಕೊಟ್ಟು, ಹೋಗಿ ಎತ್ತಿನ ಕಾಲು ನೋಡಿ ಬಂದಳು. ಅವಳ ಬಾವಿಯ ನೀರು ಅವನ ಪಾಲಿಗೂ ವಾರಕ್ಕೆ ಎರಡು ದಿನ ಹರಿಯಿತು. ಯಾವ ಎರಡು ದಿನವೆಂಬುದು ಮಾತ್ರ ಹೆಸರು ಹೇಳಿ ಗೊತ್ತು ಮಾಡಿದ್ದು.

ನಮ್ಮ ಊರುಗಳಲ್ಲಿ ಇಂಥವರು ಮನೆಗೊಬ್ಬರಲ್ಲದಿದ್ದರೂ ಕೇರಿಗೊಬ್ಬರು ಇದ್ದೇ ಇರುತ್ತಾರೆ. ಅಕ್ಷರ ಬಲ್ಲವರು ಒಂದು ಪದವನ್ನು ಓದಿ ದಾಟಿಹೋಗುತ್ತಾರೆ. ದಾಟುವ ಸುಲಭ ಸಿಕ್ಕದವರು ಅದರೆದುರಿಗೆ ನಿಲ್ಲುತ್ತಾರೆ, ಸುತ್ತ ನೋಡುತ್ತಾರೆ, ಅದು ಎಲ್ಲಿ ಹುಟ್ಟಿತು, ಎಲ್ಲಿಂದ ಎಲ್ಲಿಗೆ ನಡೆದು ಬಂತು ಎಂದು ನೆನಪಿಟ್ಟುಕೊಳ್ಳುತ್ತಾರೆ. ಹೆಸರುಗಳು ಜಾರುತ್ತವೆಂದು ಅವರಿಗೆ ಗೊತ್ತು, ಜಾರಿದ ಹೆಸರಿನ ಹಿಂದೆ ನೆಲವೂ ಜಾರುತ್ತದೆಂದು ಅದಕ್ಕಿಂತ ಚೆನ್ನಾಗಿ ಗೊತ್ತು. ಅವರ ಗೆಲುವಿನಲ್ಲಿ ಬಾಜಾ ಬಜಂತ್ರಿ ಇರುವುದಿಲ್ಲ. ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ಕೇಳಿದ ಒಂದು ಸಣ್ಣ ಪ್ರಶ್ನೆಯಿರುತ್ತದೆ, ಅಷ್ಟೇ. ಊರು ಅವರನ್ನು ಮೊದಲು ಹಟಮಾರಿ ಎನ್ನುತ್ತದೆ, ಗೆದ್ದ ಮೇಲೆ ಜಾಣೆ ಎನ್ನುತ್ತದೆ. ಅವರು ಮಾತ್ರ ಎರಡೂ ದಿನ ಅದೇ ನಡಿಗೆಯಲ್ಲಿ ನೀರಿಗೆ ಹೋಗಿ ಬರುತ್ತಾರೆ.